ಆಸ್ಪತ್ರೆ ಬಿಲ್ಲು ಸೊನ್ನೆ, ಆಮೇಲಿನ ಖರ್ಚು ಯಾರ ಲೆಕ್ಕ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವನು. ನನ್ನ ತಂಗಿ ಮಗನಿಗೆ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿದೆ. ಆರೋಗ್ಯ ಮತ್ತು ಸಾಮಾಜಿಕ ಆರೈಕೆಯ ಅರ್ಥಶಾಸ್ತ್ರ ಸಂಶೋಧನಾ ಘಟಕವಂತೆ. ಹಾಗಂದರೆ ಏನು ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ಫೋನಿನಲ್ಲಿ ಕೇಳಿದರೆ, "ಹಾಕಿದ ದುಡ್ಡಿಗೆ ಎಷ್ಟು ಆಯಸ್ಸು, ಎಷ್ಟು ನೆಮ್ಮದಿ ಬಂತು ಅಂತ ಲೆಕ್ಕ ಹಾಕ್ತೀವಿ ಮಾವ" ಅಂದ. ಜೀವಕ್ಕೆ ಬೆಲೆ ಕಟ್ಟೋ ಕೆಲಸವಾ ಇದು? ಇನ್ನೊಂದು ಮಾತು. ನಮ್ಮವ್ವ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. 74 ವರ್ಷ. ಸರ್ಕಾರಿ ಆಸ್ಪತ್ರೆಯಲ್ಲಿ ಕಾರ್ಡಿನ ಮೇಲೆ ಆಪರೇಷನ್ ಆಯಿತು, ಒಂದು ರೂಪಾಯಿ ಕಟ್ಟಲಿಲ್ಲ. ಕಷ್ಟ ಶುರುವಾಗಿದ್ದು ಮನೆಗೆ ಬಂದ ಮೇಲೆ. ಆಯಾಗೆ ದಿನಕ್ಕೆ 600 ರೂಪಾಯಿ, ಒಂದು ತಿಂಗಳು ಇಟ್ಟುಕೊಂಡು ಬಿಡಿಸಿದೆವು. ಈಗ ನನ್ನ ಹೆಂಡತಿ ಗಾರ್ಮೆಂಟ್ಸ್ ಕೆಲಸ ಬಿಟ್ಟು ನೋಡಿಕೊಳ್ಳುತ್ತಿದ್ದಾಳೆ. ತಿಂಗಳಿಗೆ 12,000 ಬರುತ್ತಿತ್ತು. ಇಂಗ್ಲೆಂಡಿನಲ್ಲಿ ಎಲ್ಲಾ ಸರ್ಕಾರವೇ ನೋಡಿಕೊಳ್ಳುತ್ತಂತಲ್ಲ, ಹಂಗಿದ್ದ ಮೇಲೆ ಅವರಿಗೆ ಯಾಕೆ ಈ ಲೆಕ್ಕ? ನಮಗೆ ಯಾಕಿಲ್ಲ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದರೊಳಗೆ ಒಂದು ತಪ್ಪು ತಿಳಿವಳಿಕೆ ಇದೆ. ನಿಮಗೊಬ್ಬರಿಗೇ ಅಲ್ಲ, ಮೈಸೂರಿನಲ್ಲಿ ನನ್ನ ತರಗತಿಗೆ ಬರುವ ಹುಡುಗರಿಗೂ ಇದೆ. ಇಂಗ್ಲೆಂಡಿನಲ್ಲಿ ಎಲ್ಲವೂ ಫ್ರೀ ಅಲ್ಲ. ಆಸ್ಪತ್ರೆ ಫ್ರೀ. 1948ರ ಜುಲೈ 5ರಂದು ಅವರ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಶುರುವಾದಾಗಿನಿಂದ ಆಪರೇಷನ್ನಿಗೆ ರೋಗಿ ದುಡ್ಡು ಕಟ್ಟೋದಿಲ್ಲ. ಆದರೆ ಆಪರೇಷನ್ ಆದ ಮೇಲೆ ಸ್ನಾನ ಮಾಡಿಸೋರು, ಬಟ್ಟೆ ಹಾಕೋರು, ಊಟ ಕೊಡೋರು, ರಾತ್ರಿ ಎದ್ದು ಕೂರಿಸೋರು ಇದ್ದಾರಲ್ಲ, ಅದನ್ನು ಅವರು ಸಾಮಾಜಿಕ ಆರೈಕೆ ಅಂತ ಬೇರೆ ಇಟ್ಟಿದ್ದಾರೆ. ಅದು ಎಲ್ಲರಿಗೂ ಫ್ರೀ ಅಲ್ಲ. ಕೈಯಲ್ಲಿ 23,250 ಪೌಂಡಿಗಿಂತ ಜಾಸ್ತಿ ಆಸ್ತಿ ಇದ್ದರೆ ಸಾಮಾನ್ಯವಾಗಿ ಪೂರ್ತಿ ಖರ್ಚು ನಿಮ್ಮದೇ. ಒಂಟಿಯಾಗಿರುವ ಮುದುಕರು ಕಾಯಂ ಆಗಿ ಕೇರ್ ಹೋಮ್ ಸೇರಿದರೆ ಅವರ ಮನೆಯ ಬೆಲೆಯನ್ನೂ ಆ ಆಸ್ತಿಗೆ ಸೇರಿಸುತ್ತಾರೆ. ಮನೆ ಮಾರಿ ಆರೈಕೆಗೆ ಕಟ್ಟಿದವರು ಅಲ್ಲೂ ಬೇಕಾದಷ್ಟು ಜನ ಇದ್ದಾರೆ.

ಇದಕ್ಕೊಂದು ಮಿತಿ ಹಾಕಿ ಅಂತ, ಆರೈಕೆ ಖರ್ಚಿನ ಬಗ್ಗೆ ಅಲ್ಲಿನ ಸರ್ಕಾರವೇ ನೇಮಿಸಿದ್ದ ಡಿಲ್ನಾಟ್ ಆಯೋಗ 2011ರಲ್ಲೇ ಹೇಳಿತ್ತು. ಒಬ್ಬ ಮನುಷ್ಯ ಜೀವಮಾನದಲ್ಲಿ 86,000 ಪೌಂಡಿಗಿಂತ ಜಾಸ್ತಿ ಕಟ್ಟೋದು ಬೇಡ ಅಂತ ಸರ್ಕಾರ ತೀರ್ಮಾನವನ್ನೂ ಮಾಡಿತು, ಮುಂದಕ್ಕೆ ಹಾಕಿತು, 2024ರಲ್ಲಿ ಹೊಸ ಸರ್ಕಾರ ಬಂದು ಅದನ್ನು ಕೈಬಿಟ್ಟೇಬಿಟ್ಟಿತು. ರಾಜಕೀಯ ಎಲ್ಲಾ ಕಡೆ ಒಂದೇ ಅಲ್ವಾ.

ನಿಮ್ಮ ತಂಗಿ ಮಗನ ಘಟಕದ ಹೆಸರಿನಲ್ಲಿ 'ಆರೋಗ್ಯ' ಮತ್ತು 'ಸಾಮಾಜಿಕ ಆರೈಕೆ' ಎರಡೂ ಸೇರಿರೋದು ಇದಕ್ಕೇ. ಒಂದು ಫ್ರೀ, ಇನ್ನೊಂದು ಫ್ರೀ ಅಲ್ಲ. ಒಂದಕ್ಕೆ ಎನ್‌ಎಚ್‌ಎಸ್ ದುಡ್ಡು, ಇನ್ನೊಂದಕ್ಕೆ ಸ್ಥಳೀಯ ಆಡಳಿತದ ದುಡ್ಡು. ಅವ್ವ ಮಾತ್ರ ಒಬ್ಬಳೇ. ಒಂದು ಕಡೆ ದುಡ್ಡು ಕಮ್ಮಿ ಮಾಡಿದರೆ ಇನ್ನೊಂದು ಕಡೆ ಏನಾಗುತ್ತೆ ಅಂತ ನೋಡೋದೇ ಇವರ ಮುಖ್ಯ ಕಸುಬು.

ಇಂಥ ಕೆಲಸಕ್ಕೆ ಅಲ್ಲಿ ಹೆಸರಾದ ಎರಡು ಜಾಗ ಹೇಳುತ್ತೇನೆ. ಯಾರ್ಕ್ ವಿಶ್ವವಿದ್ಯಾಲಯದ ಆರೋಗ್ಯ ಅರ್ಥಶಾಸ್ತ್ರ ಕೇಂದ್ರ, 1983ರಲ್ಲಿ ಶುರುವಾಗಿದ್ದು. ಕೆಂಟ್ ವಿಶ್ವವಿದ್ಯಾಲಯದ ಪಿಎಸ್‌ಎಸ್‌ಆರ್‌ಯು, ಅಂದರೆ ಸಾಮಾಜಿಕ ಸೇವೆಗಳ ಸಂಶೋಧನಾ ಘಟಕ, ಅದು 1974ರದ್ದು. ಇಎಸ್‌ಎಚ್‌ಸಿಆರ್‌ಯು ಅನ್ನೋ ಉದ್ದ ಹೆಸರಿನ, ಸಾಮಾಜಿಕ ಮತ್ತು ಆರೋಗ್ಯ ಆರೈಕೆಯ ಅರ್ಥಶಾಸ್ತ್ರದ ಸಂಶೋಧನಾ ಘಟಕದಲ್ಲಿ ಎರಡೂ ಕಡೆಯವರು ಸೇರಿ ಕೆಲಸ ಮಾಡಿದ್ದಾರೆ. ಅದಕ್ಕೆ ದುಡ್ಡು ಬಂದಿದ್ದು ಅಲ್ಲಿನ ಆರೋಗ್ಯ ಇಲಾಖೆಯ ಸಂಶೋಧನಾ ನಿಧಿಯಿಂದ. ಇವರು ರೋಗಿಯ ನಾಡಿ ಹಿಡಿಯೋದಿಲ್ಲ. ಆಸ್ಪತ್ರೆಗಳ ದಾಖಲೆ, ಊರೂರಿನ ಬಜೆಟ್ಟು, ಮನೆಮನೆ ಸಮೀಕ್ಷೆ, ಇವೆಲ್ಲ ಇಟ್ಟುಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಒಬ್ಬ ನರ್ಸಿನ ಒಂದು ಗಂಟೆಗೆ, ಸಂಬಳ, ತರಬೇತಿ, ಆಫೀಸು, ಓಡಾಟ ಎಲ್ಲಾ ಸೇರಿ ನಿಜವಾಗಿ ಎಷ್ಟು ಬೀಳುತ್ತೆ ಅಂತ ಕೆಂಟಿನವರು ಸೇರಿ ವರ್ಷಕ್ಕೊಂದು ಪುಸ್ತಕವನ್ನೇ ತರುತ್ತಾರೆ. ಓದೋಕೆ ಕಿರಾಣಿ ಅಂಗಡಿ ದರಪಟ್ಟಿ ಥರ ಬೋರು. ಆದರೆ ಬೇರೆ ಸಂಶೋಧಕರೆಲ್ಲ ದರ ಬೇಕಾದಾಗ ತೆಗೆದು ನೋಡೋದು ಅದನ್ನೇ.

ಈಗ ನಿಮ್ಮ ಅವ್ವನ ಕೇಸಿಗೆ ಹತ್ತಿರದ್ದು. ಅಲ್ಲಿ ಮುದುಕರಿಗೆ ಸೊಂಟ ಮುರಿದರೆ 36 ಗಂಟೆಯೊಳಗೆ ಆಪರೇಷನ್ ಮಾಡಬೇಕು, ಮಾಡಿ ಇನ್ನೂ ಕೆಲವು ಷರತ್ತು ಪಾಲಿಸಿದರೆ ಆಸ್ಪತ್ರೆಗೆ ಜಾಸ್ತಿ ದುಡ್ಡು, ಹೀಗೊಂದು ಪದ್ಧತಿ 2010ರಿಂದ ಇದೆ. ಆಪರೇಷನ್ ಆಯಿತು, ಗಾಯ ಮಾಗಿತು, ಡಾಕ್ಟರು ಮನೆಗೆ ಹೋಗಬಹುದು ಅಂದರು. ಆದರೆ ಮನೆಯಲ್ಲಿ ನೋಡಿಕೊಳ್ಳೋರು ಇಲ್ಲ, ಕೇರ್ ಹೋಮಿನಲ್ಲಿ ಜಾಗ ಇಲ್ಲ. ಆಗ ರೋಗಿ ಹಾಸಿಗೆಯಲ್ಲೇ ಉಳಿಯುತ್ತಾರೆ, ಹೊರಗೆ ಇನ್ನೊಬ್ಬರು ಆ ಹಾಸಿಗೆಗೆ ಕಾಯುತ್ತಾರೆ. ಅಲ್ಲಿನವರು ಇದನ್ನು ಬೆಡ್ ಬ್ಲಾಕಿಂಗ್ ಅನ್ನುತ್ತಾರೆ. ಏನೋ ಮುದುಕರದ್ದೇ ತಪ್ಪು ಅನ್ನೋ ಥರ ಕೇಳಿಸುವ ಮಾತು, ನನಗಂತೂ ಇಷ್ಟವಿಲ್ಲ. ಯಾರ್ಕಿನವರು 2015ರಲ್ಲಿ ಇದರ ಮೇಲೆ ಒಂದು ಲೇಖನ ಬರೆದರು. ಕೇರ್ ಹೋಮ್ ಹಾಸಿಗೆಗಳು 10% ಜಾಸ್ತಿಯಾದರೆ ಆರೈಕೆ ಸಿಗದೆ ಆಸ್ಪತ್ರೆಯಲ್ಲಿ ಉಳಿಯುವುದು 6ರಿಂದ 9% ಕಮ್ಮಿಯಾಗುತ್ತೆ ಅಂತ ಅವರ ಲೆಕ್ಕ. ಅದಕ್ಕೂ ಮುಂಚೆ, 2009ರಲ್ಲಿ, ಕೆಂಟಿನ ಜೂಲಿಯನ್ ಫೋರ್ಡರ್ ಇನ್ನೊಂದು ಲೆಕ್ಕ ಕೊಟ್ಟಿದ್ದರು: ಕೇರ್ ಹೋಮಿಗೆ ಒಂದು ಪೌಂಡ್ ಜಾಸ್ತಿ ಹಾಕಿದರೆ ಆಸ್ಪತ್ರೆ ಖರ್ಚಿನಲ್ಲಿ 35 ಪೆನ್ಸ್ ಉಳಿಯುತ್ತೆ.

ಗಮನಿಸಿ, 35 ಪೆನ್ಸ್ ಅಷ್ಟೇ. ಆರೈಕೆಗೆ ದುಡ್ಡು ಹಾಕಿ, ಆಸ್ಪತ್ರೆಯಲ್ಲಿ ಅಷ್ಟೂ ವಾಪಸ್ ಬರುತ್ತೆ ಅಂತ ಭಾಷಣ ಮಾಡೋರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಅಷ್ಟೂ ಬರೋದಿಲ್ಲ. ಮೂರನೇ ಒಂದು ಭಾಗ ಬರುತ್ತೆ, ಉಳಿದ 65 ಪೆನ್ಸ್ ಒಬ್ಬ ಮುದುಕಿ ನೆಟ್ಟಗೆ ಬದುಕಲಿ ಅಂತ ಖರ್ಚು ಮಾಡೋದು. ಹಾಗಂತ ಬಾಯಿಬಿಟ್ಟು ಹೇಳಿದರೆ ಒಳ್ಳೇದು.

ಈ ಲೆಕ್ಕ ಓದಿದಾಗೆಲ್ಲ ನನಗೆ ಮಂಡ್ಯ, ಮೈಸೂರಿನ ವಾರ್ಡುಗಳು ನೆನಪಾಗುತ್ತವೆ. ಇಲ್ಲಿ ಡಿಸ್ಚಾರ್ಜ್ ಅಂದ ತಕ್ಷಣ ಏನಾಗುತ್ತೆ ಹೇಳಿ? ಮಗ ಆಟೋ ಕರೆಸುತ್ತಾನೆ. ಆಟೋದವನು ಹಿಂದಿನ ಸೀಟಿಗೆ ಮಡಚಿದ ಜಮಖಾನ ಹಾಕುತ್ತಾನೆ. ಒಬ್ಬರು ಕಂಕುಳಿಗೆ ಕೈ ಕೊಟ್ಟು, ಇನ್ನೊಬ್ಬರು ಕಾಲು ಹಿಡಿದು ಕೂರಿಸುತ್ತಾರೆ, ಎಕ್ಸ್‌ರೇ ಕವರ್ ಸೊಸೆ ಕೈಯಲ್ಲಿ. ಮನೆಯಲ್ಲಿ ಪಾಶ್ಚಾತ್ಯ ಕಮೋಡ್ ಇದೆಯಾ, ಬಾಗಿಲಿನಲ್ಲಿ ವಾಕರ್ ತೂರುತ್ತಾ ಅಂತ ಕೇಳೋರು ಕಮ್ಮಿ. ಹಾಸಿಗೆ ಅವತ್ತೇ ಖಾಲಿ. ಆಸ್ಪತ್ರೆಗೆ ತಡವಾಗಲಿಲ್ಲ, ಆದ್ದರಿಂದ ಆಸ್ಪತ್ರೆಯ ಯಾವ ರಿಜಿಸ್ಟರಿನಲ್ಲೂ ತೊಂದರೆ ಅಂತ ಒಂದು ಸಾಲು ಬರೋದಿಲ್ಲ. ಇಂಗ್ಲೆಂಡಿನಲ್ಲಿ ಆರೈಕೆಯ ಕೊರತೆ ಸರ್ಕಾರದ ಹಾಸಿಗೆ ಮೇಲೆ ಮಲಗಿರುತ್ತೆ, ಅದಕ್ಕೇ ಸರ್ಕಾರ ಅದನ್ನು ಎಣಿಸುತ್ತೆ. ನಮ್ಮಲ್ಲಿ ಅದು ನಿಮ್ಮ ಹಜಾರದಲ್ಲಿ ಮಲಗಿದೆ. ನಿಮ್ಮ ಹಜಾರವನ್ನು ಯಾವ ಇಲಾಖೆ ಎಣಿಸುತ್ತೆ? 'ನಮಗೆ ಯಾಕಿಲ್ಲ' ಅನ್ನೋ ಪ್ರಶ್ನೆಗೆ ನನ್ನ ಉತ್ತರ ಇದೇ. ಅಲ್ಲಿನವರು ಬುದ್ಧಿವಂತರು, ನಾವು ದಡ್ಡರು ಅಂತೇನಿಲ್ಲ. ಖರ್ಚು ಯಾರ ತಲೆ ಮೇಲೆ ಬೀಳುತ್ತೋ ಅವರು ಲೆಕ್ಕ ಕೇಳುತ್ತಾರೆ.

ಆಯುಷ್ಮಾನ್ ಭಾರತ್ ಕಾರ್ಡು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2018ರಲ್ಲಿ ಬಂದಿದ್ದು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ನಿಮ್ಮ ಅವ್ವನಂಥ ಕೇಸಿನಲ್ಲಿ ಅದಿಲ್ಲದಿದ್ದರೆ ಒಡವೆ ಅಡ ಇಡಬೇಕಾಗುತ್ತಿತ್ತು. ಆದರೆ ಕೇಂದ್ರದ ನಿಯಮದಲ್ಲಿ ಆಸ್ಪತ್ರೆಯಿಂದ ಬಂದ ಮೇಲಿನ ಖರ್ಚು ಅಂತ ಇರೋದು 15 ದಿನಕ್ಕೆ. ಸೊಂಟ ಮುರಿದವರು 15 ದಿನಕ್ಕೆ ಎದ್ದು ಓಡಾಡೋದಿಲ್ಲ, ತಿಂಗಳುಗಟ್ಟಲೆ ಬೇಕು. ಆಯಾ, ಡೈಪರ್, ವಾಟರ್ ಬೆಡ್, ಇವು ಕಾರ್ಡಿನ ಕಣ್ಣಿಗೆ ಬೀಳೋದೇ ಇಲ್ಲ.

ಇನ್ನು ಜೀವಕ್ಕೆ ಬೆಲೆ ಕಟ್ಟೋ ಮಾತು. ಇವರು ಬಳಸುವ ಅಳತೆಗೆ ಕ್ವಾಲಿ ಅಂತಾರೆ. ಪೂರ್ತಿ ಆರೋಗ್ಯವಾಗಿ ಕಳೆದ ಒಂದು ವರ್ಷ ಅಂದರೆ 1. ನೋವಿನಲ್ಲಿ, ಮಂಚದ ಮೇಲೆ ಕಳೆದ ವರ್ಷ ಅದಕ್ಕಿಂತ ಕಮ್ಮಿ. ಎಷ್ಟು ಕಮ್ಮಿ ಅಂತ ಯಾರು ಹೇಳಬೇಕು? ಜನರನ್ನೇ ಕೇಳುತ್ತಾರೆ. 'ಮಂಡಿ ನೋವಿನಿಂದ ಮೆಟ್ಟಿಲು ಹತ್ತೋಕೆ ಆಗದ ಸ್ಥಿತಿಯಲ್ಲಿ 10 ವರ್ಷ ಬದುಕೋದು ಒಂದು ಕಡೆ, ಏನೂ ತೊಂದರೆ ಇಲ್ಲದೆ ಅದಕ್ಕಿಂತ ಕಮ್ಮಿ ವರ್ಷ ಬದುಕೋದು ಇನ್ನೊಂದು ಕಡೆ, ಎಷ್ಟು ವರ್ಷಕ್ಕೆ ಎರಡೂ ಸಮ ಅನ್ನಿಸುತ್ತೆ?' ನೀವು 7 ಅಂದರೆ ಆ ಸ್ಥಿತಿಗೆ 0.7. ಓಡಾಟ, ಸ್ವಂತ ಕೆಲಸ, ದಿನನಿತ್ಯದ ಕೆಲಸ, ನೋವು, ಆತಂಕ ಅಂತ ಐದು ವಿಷಯಕ್ಕೆ ಐದೈದು ಮಟ್ಟ ಇಟ್ಟು ಮಾಡಿದ ಇಕ್ಯೂ-5ಡಿ-5ಎಲ್ ಅನ್ನೋ ಪ್ರಶ್ನಾವಳಿ ಇದೆ. ಲೆಕ್ಕ ಹಾಕಿದರೆ 3,125 ಥರದ ಸ್ಥಿತಿ ಅದರಲ್ಲಿ ಬರುತ್ತವೆ. ಭಾರತದ ಜನರನ್ನು ಕೇಳಿ ಇದಕ್ಕೆ ನಮ್ಮದೇ ಅಂಕಪಟ್ಟಿಯನ್ನು ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯವರು ಮಾಡಿದ್ದಾರೆ, 2022ರಲ್ಲಿ ಪ್ರಕಟವಾಯಿತು.

ಇಂಗ್ಲೆಂಡಿನಲ್ಲಿ ಹೊಸ ಔಷಧಿ ತರಬೇಕೋ ಬೇಡವೋ ಅಂತ ಹೇಳೋದು ನೈಸ್ ಅನ್ನೋ ಸಂಸ್ಥೆ, 1999ರಿಂದ. ಒಂದು ಕ್ವಾಲಿಗೆ 20,000ದಿಂದ 30,000 ಪೌಂಡಿನೊಳಗೆ ಬಿದ್ದರೆ ಸರಿ ಅಂತ ಬಹಳ ವರ್ಷ ನಡೆಸಿಕೊಂಡು ಬಂದರು. 2015ರಲ್ಲಿ ಯಾರ್ಕಿನ ಕಾರ್ಲ್ ಕ್ಲಾಕ್ಸ್‌ಟನ್ ತಂಡ ಒಂದು ಮುಜುಗರದ ಲೆಕ್ಕ ಹೊರತಂದಿತು. ಎನ್‌ಎಚ್‌ಎಸ್ ಈಗಾಗಲೇ ಮಾಡುತ್ತಿರುವ ಮಾಮೂಲಿ ಕೆಲಸದಲ್ಲಿ ಒಂದು ಕ್ವಾಲಿ ಬರೋದು 12,936 ಪೌಂಡಿಗೆ. ಅಂದರೆ ಏನು? ಹೊಸ ದುಬಾರಿ ಔಷಧಿಯಿಂದ ಒಬ್ಬರಿಗೆ ಒಂದು ಒಳ್ಳೆ ವರ್ಷ ಕೊಡಿಸೋಕೆ 30,000 ಪೌಂಡ್ ತೆಗೆದರೆ, ಇನ್ನೆಲ್ಲೋ ಬೇರೆಯವರ ಎರಡು ವರ್ಷಕ್ಕಿಂತ ಜಾಸ್ತಿ ಕಳೆದುಹೋಗುತ್ತೆ. ಔಷಧಿ ಸಿಕ್ಕಿದವರ ಫೋಟೋ ಪೇಪರಿನಲ್ಲಿ ಬರುತ್ತೆ. ಕಳೆದುಕೊಂಡವರು ಯಾರು ಅಂತ ಅವರಿಗೇ ಗೊತ್ತಿರೋದಿಲ್ಲ. ಜೀವಕ್ಕೆ ಬೆಲೆ ಕಟ್ಟೋದು ಅನ್ನಿಸಿದರೆ ಅನ್ನಿಸಲಿ, ನನ್ನ ಪ್ರಕಾರ ಇದು ಕಾಣದವರ ಪರವಾಗಿ ಕೇಳೋ ಲೆಕ್ಕ. ಆಯಾ ಬಿಡಿಸಿದ ದಿನ ನೀವೂ ಇಂಥದ್ದೇ ಲೆಕ್ಕ ಹಾಕಿರಲ್ಲ, ಒಂದು ಕಡೆ ಆಯಾಗೆ ತಿಂಗಳಿಗೆ 18,000, ಇನ್ನೊಂದು ಕಡೆ ನಿಮ್ಮ ಹೆಂಡತಿಯ ಸಂಬಳ 12,000.

ಇತ್ತೀಚಿನದರಲ್ಲಿ ತುಂಬಾ ಗಲಾಟೆ ಎಬ್ಬಿಸಿದ್ದು 2021ರ ಒಂದು ಅಧ್ಯಯನ, ಅದೂ ಯಾರ್ಕಿನದ್ದೇ. 2010ರ ನಂತರ ಅಲ್ಲಿನ ಸರ್ಕಾರ ಖರ್ಚಿಗೆ ಕಡಿವಾಣ ಹಾಕಿತಲ್ಲ, ಮೊದಲಿನ ವೇಗದಲ್ಲೇ ಆರೋಗ್ಯಕ್ಕೂ ಆರೈಕೆಗೂ ದುಡ್ಡು ಬೆಳೆದಿದ್ದರೆ 2014ರೊಳಗೆ ಎಷ್ಟು ಸಾವು ತಪ್ಪುತ್ತಿತ್ತು ಅಂತ ನೋಡಿದರು. ಉತ್ತರ 57,550. ಪೇಪರುಗಳು ಈ ಅಂಕಿ ಎತ್ತಿಕೊಂಡವು. ಆದರೆ ಅದರ ಪಕ್ಕದಲ್ಲೇ ಸಂಶೋಧಕರು ಇನ್ನೊಂದು ಮಾತು ಬರೆದಿದ್ದರು: ನಿಜವಾದ ಸಂಖ್ಯೆ 3,075ರಿಂದ 1,11,955ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಷ್ಟು ಅಗಲ. ಸುಮ್ನೆ 57,550 ಅಂತ ಹೇಳಿಕೊಂಡು ಓಡಾಡೋದು ಸರಿಯಲ್ಲ. ಅದೇ ಅಧ್ಯಯನದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಆಸ್ಪತ್ರೆ-ಚಿಕಿತ್ಸೆ ಖರ್ಚು 1% ಜಾಸ್ತಿಯಾದರೆ ಸಾವು ಸುಮಾರು 0.53% ಕಮ್ಮಿ. ಸಾಮಾಜಿಕ ಆರೈಕೆ ಖರ್ಚು 1% ಜಾಸ್ತಿಯಾದರೆ ಸುಮಾರು 0.34% ಕಮ್ಮಿ. ಮೈ ಒರೆಸೋದು, ಊಟ ಮಾಡಿಸೋದು, ಹೊರಳಿಸಿ ಮಲಗಿಸೋದು ಕೂಡ ಆಯಸ್ಸು ಉಳಿಸುತ್ತೆ ಅಂತ ಅಂಕಿಯಲ್ಲಿ ಕಂಡಿದೆ. ನಿಮ್ಮ ಮನೆಯವರು ಈಗ ಮಾಡುತ್ತಿರೋದು ಅದನ್ನೇ.

ಆಯಸ್ಸು ಒಂದೇ ಸಾಲದು ಅಂತ ಕೆಂಟಿನವರಿಗೆ ಮೊದಲೇ ಅನ್ನಿಸಿತ್ತು. ಆಯಾ ಬಂದರೆ ಅವ್ವನ ಸೊಂಟ ಬೇಗ ಕೂಡಿಕೊಳ್ಳುತ್ತಾ? ಇಲ್ಲ. ಹಾಗಾದರೆ ಉಪಯೋಗ ಏನು ಅಂತ ಅಳೆಯೋಕೆ ಆಸ್ಕಾಟ್ ಅಂತ ಬೇರೆ ಪ್ರಶ್ನಾವಳಿ ಮಾಡಿದರು. ಎಂಟು ವಿಷಯ: ದಿನಚರಿ ತನ್ನ ಕೈಯಲ್ಲಿದೆಯಾ, ಮೈ ಚೊಕ್ಕಟವಾಗಿದೆಯಾ, ಊಟ-ಕಾಫಿ ಸರಿಯಾಗಿ ಸಿಗುತ್ತಾ, ಭಯ ಇಲ್ಲದೆ ಇದ್ದಾರಾ, ಜನರ ಒಡನಾಟ ಇದೆಯಾ, ಹೊತ್ತು ಹೇಗೆ ಕಳೆಯುತ್ತೆ, ಮನೆ ಚೊಕ್ಕಟವಾ, ನೋಡಿಕೊಳ್ಳೋರು ಮರ್ಯಾದೆಯಿಂದ ನಡೆಸಿಕೊಳ್ಳುತ್ತಾರಾ.

ಇದನ್ನು ನಿಮ್ಮ ಅವ್ವನ ಮುಂದೆ ಇಟ್ಟು ನೋಡಿ. ಊಟ ಸಿಗುತ್ತಾ ಅಂದರೆ ಸಿಗುತ್ತೆ. ಬೇಕಾದ ಹೊತ್ತಿಗೆ, ಬೇಕಾದ್ದು ಸಿಗುತ್ತಾ ಅಂದರೆ? ಬೆಳಗ್ಗೆ ಐದಕ್ಕೆ ಎದ್ದು ತಾನೇ ಕಾಫಿ ಕಾಯಿಸಿಕೊಳ್ಳುತ್ತಿದ್ದವರು ಈಗ ಮನೆಯವರೆಲ್ಲ ಏಳೋವರೆಗೂ ಗೋಡೆ ನೋಡಿಕೊಂಡು ಮಲಗಿರಬೇಕು. ಮೈ ಚೊಕ್ಕಟವಾಗಿರುತ್ತೆ, ತಲೆ ಮಾತ್ರ ತಮಗೆ ಬೇಕಾದ ಹಾಗೆ ಬಾಚಿಸಿಕೊಳ್ಳೋಕೆ ಸಂಕೋಚ. ರಾತ್ರಿ ಬಚ್ಚಲಿಗೆ ಕರೆದುಕೊಂಡು ಹೋಗು ಅಂತ ಸೊಸೆಯನ್ನು ಎಬ್ಬಿಸಬೇಕಾಗುತ್ತೆ ಅಂತ ಸಂಜೆ ಮೇಲೆ ನೀರೇ ಕುಡಿಯದ ಮುದುಕಿಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆಸ್ಪತ್ರೆ ಕಾಗದದಲ್ಲಿ ಇವೆಲ್ಲ ಬರೋದಿಲ್ಲ, ಆಸ್ಕಾಟಿನಲ್ಲಿ ಬರುತ್ತೆ. ಒಂದು ಎಚ್ಚರಿಕೆ: ಉತ್ತರ ಅವರ ಬಾಯಿಂದಲೇ ಬರಬೇಕು. ಮಗ ಪಕ್ಕದಲ್ಲಿ ನಿಂತಿದ್ದರೆ 'ಎಲ್ಲಾ ಚೆನ್ನಾಗೈತೆ ಕಣಪ್ಪ' ಅಂತಲೇ ಬರುತ್ತೆ.

ಮನೆಯವರ ದುಡಿಮೆಗೆ ಬೆಲೆ ಹಾಕೋದು ಹೇಗೆ? ಎರಡು ದಾರಿ ಇದೆ. ಅವರು ಬಿಟ್ಟ ಸಂಬಳ ನೋಡೋದು ಒಂದು, ನಿಮ್ಮ ಕೇಸಿನಲ್ಲಿ 12,000. ಅವರ ಬದಲು ಆಳು ಇಟ್ಟರೆ ಎಷ್ಟು ಅಂತ ನೋಡೋದು ಇನ್ನೊಂದು, ಹಗಲಿಗೇ 18,000, ರಾತ್ರಿ ಬೇರೆ. ಮೊದಲನೇ ದಾರಿಯಲ್ಲಿ ಒಂದು ದೊಡ್ಡ ಅನ್ಯಾಯ ಇದೆ. ಹೊರಗೆ ಸಂಬಳಕ್ಕೆ ಹೋಗದ ಹೆಂಗಸು ಇದೇ ಕೆಲಸ ಮಾಡಿದರೆ ಬೆಲೆ ಸೊನ್ನೆ ಅಂತ ಬರುತ್ತೆ. ಎರಡನೇ ದಾರಿಯಲ್ಲಿ ಗಂಟೆ ಎಣಿಸೋದೇ ತಲೆನೋವು, ಯಾಕೆಂದರೆ ಅತ್ತೆ ಪಕ್ಕ ಕೂತು ಅವರೆಕಾಯಿ ಸುಲಿದರೆ ಅದು ಅಡುಗೆಯೋ ಆರೈಕೆಯೋ? ನಾನಂತೂ ಎರಡನೇದನ್ನೇ ಒಪ್ಪುತ್ತೇನೆ. ಇಂಗ್ಲೆಂಡಿನಲ್ಲಿ ವಾರಕ್ಕೆ ಕನಿಷ್ಠ 35 ಗಂಟೆ ನೋಡಿಕೊಳ್ಳೋರಿಗೆ, ಬೇರೆ ಸಂಪಾದನೆ ತುಂಬಾ ಇಲ್ಲದಿದ್ದರೆ, ಒಂದು ಭತ್ಯೆ ಇದೆ. ವಾರಕ್ಕೆ 80 ಪೌಂಡಿನ ಆಸುಪಾಸು. ಗಂಟೆಗೆ ಹಂಚಿದರೆ ಎರಡೂವರೆ ಪೌಂಡೂ ಆಗೋದಿಲ್ಲ. ಅಲ್ಲೂ ಸೊಸೆಯ, ಮಗಳ ದುಡಿಮೆ ಅಗ್ಗವೇ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. 2017ರಲ್ಲಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ ಎಚ್‌ಟಿಎಇನ್ ಅನ್ನೋ ಸಂಸ್ಥೆ ಮಾಡಿತು, ಯಾವ ಚಿಕಿತ್ಸೆಗೆ ದುಡ್ಡು ಹಾಕಬೇಕು ಅಂತ ಲೆಕ್ಕ ಹಾಕೋಕೆ. ಕಾರ್ಡಿನ ಮೇಲೆ ಆಗುವ ಒಂದೊಂದು ಚಿಕಿತ್ಸೆಗೆ ಆಸ್ಪತ್ರೆಗೆ ಎಷ್ಟು ಕೊಡಬೇಕು ಅನ್ನೋ ಪ್ಯಾಕೇಜ್ ದರ ನಿಗದಿಗೆ ಆಸ್ಪತ್ರೆಗಳ ನಿಜವಾದ ವೆಚ್ಚದ ಅಧ್ಯಯನವೂ ಆಗಿದೆ. ಕರ್ನಾಟಕದ್ದೇ ಒಂದು ಒಳ್ಳೆ ಉದಾಹರಣೆ ಇದೆ. ಬಡವರಿಗೆ ದೊಡ್ಡ ಕಾಯಿಲೆಗೆ ಫ್ರೀ ಚಿಕಿತ್ಸೆ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಕಲಬುರಗಿ ವಿಭಾಗದಲ್ಲಿ ಮಾತ್ರ ಶುರುವಾಯಿತು. ಗಡಿಯ ಈಚೆ ಹಳ್ಳಿಗೆ ಉಂಟು, ಆಚೆ ಹಳ್ಳಿಗೆ ಇಲ್ಲ. ಜನ, ಮಳೆ, ಬೆಳೆ ಹೆಚ್ಚುಕಮ್ಮಿ ಒಂದೇ. ಸಂಶೋಧಕರು ಆ ಗೆರೆಯ ಎರಡೂ ಬದಿಯ 572 ಹಳ್ಳಿ ಹೋಲಿಸಿ 2014ರಲ್ಲಿ ಬಿಎಂಜೆ ಅನ್ನೋ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡವರ ಸಾವು 64% ಕಮ್ಮಿ, ಆಸ್ಪತ್ರೆಗೆ ಕೈಯಿಂದ ಹಾಕಿದ ಖರ್ಚು 34% ಕಮ್ಮಿ. 64 ಅನ್ನೋದು ನನಗೆ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತೆ, ಆದರೆ ದಾರಿ ಸರಿಯಾಗಿದೆ. ನಿಮ್ಮ ಹುಡುಗನೂ ಅಲ್ಲಿ ಇಂಥ ಗೆರೆಗಳನ್ನೇ ಹುಡುಕುತ್ತಿರುತ್ತಾನೆ.

ಆದರೆ ನೋಡಿ, ಅಲ್ಲೂ ಎಣಿಸಿದ್ದು ಸಾವು ಮತ್ತು ಆಸ್ಪತ್ರೆ. ದೇಶದ ಆರೋಗ್ಯ ಖರ್ಚಿನಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ 64.2% ಇದ್ದದ್ದು 2021-22ಕ್ಕೆ 39.4%ಗೆ ಇಳಿಯಿತು ಅಂತ ರಾಷ್ಟ್ರೀಯ ಆರೋಗ್ಯ ಲೆಕ್ಕ ಹೇಳುತ್ತೆ. ಒಳ್ಳೇದೇ. ನಿಮ್ಮ ಮನೆಯವರು ಕಳೆದುಕೊಂಡ 12,000 ಆ ಲೆಕ್ಕದೊಳಗೆ ಬರೋದಿಲ್ಲ.

ಈಗ ಕೈಲಾಗುವ ಕೆಲಸ. ವೃದ್ಧರ ಆರೋಗ್ಯಕ್ಕೆ ಅಂತ ಕೇಂದ್ರದ ಕಾರ್ಯಕ್ರಮ ಒಂದಿದೆ, ಅದರಲ್ಲಿ ಜಿಲ್ಲಾ ಮಟ್ಟದಲ್ಲಿ ಫಿಸಿಯೋಥೆರಪಿ ಕೊಡಬೇಕು ಅಂತಿದೆ. ಮಂಡ್ಯದ ಮಿಮ್ಸ್‌ನಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ಹೋಗಿ ಕೇಳಿ, ಕಾಗದದಲ್ಲಿ ಬರೆಸಿಕೊಂಡೇ ಬನ್ನಿ. ಊರಿನ ಆಶಾ ಕಾರ್ಯಕರ್ತೆಗೂ ಹೇಳಿಡಿ. ಹಿರಿಯರ ಸಹಾಯವಾಣಿ 14567, ಫೋನ್ ಮಾಡಿದರೆ ಖರ್ಚಿಲ್ಲ. ಬಚ್ಚಲಿಗೆ ಹಿಡಿದುಕೊಳ್ಳೋಕೆ ಒಂದು ಸ್ಟೀಲ್ ಕಂಬಿ ಹಾಕಿಸಿ, ಒಮ್ಮೆ ಬಿದ್ದವರು ಮತ್ತೆ ಬೀಳೋದು ಜಾಸ್ತಿ.

ಆಮೇಲೆ ಒಂದು ನೋಟ್ ಬುಕ್ ತನ್ನಿ. ಒಂದು ತಿಂಗಳು ಔಷಧಿ, ಡೈಪರ್, ಆಟೋ, ನೀವು ರಜೆ ಹಾಕಿದ ದಿನ, ಎಲ್ಲಾ ಬರೆಯಿರಿ. ತಂಗಿ ಮಗನಿಗೆ ಕಳಿಸಿ, ಸೇರಿಸಿ ಒಟ್ಟು ಎಷ್ಟು ಅಂತ ಅವನು ಹೇಳಲಿ, ಅವನ ಕೆಲಸ ಏನು ಅಂತ ಊರಿಗೂ ಆಗ ಅರ್ಥವಾಗುತ್ತೆ. ಗಂಟೆಗಳ ಪುಟ ಮಾತ್ರ ನೀವು ಬರೆಯಬೇಡಿ, ನಿಮ್ಮ ಮನೆಯವರೇ ಬರೆಯಲಿ. ಗಂಡಸರು ಅಂದಾಜಿಗೆ ಹಾಕಿದರೆ ಅದು ಯಾವಾಗಲೂ ಕಮ್ಮಿಯೇ ಬರುತ್ತೆ.